ಸಂಚಾರದಲ್ಲಿ ಶೌಚವ್ಯವಸ್ಥೆ: ನೌಕೆಯಿಂದ ರೈಲಿನವರೆಗೆ

ದಾವಣಗೆರೆಯಿಂದ ಹುಬ್ಬಳ್ಳಿಯ ಕಡೆಗೆ ಹೊರಟ ರೈಲುಗಾಡಿಯು ಹರಿಹರವನ್ನು ಬಿಟ್ಟು ಕುಮಾರಪಟ್ಟಣದತ್ತ ಸಾಗುವಾಗ ತುಂಗಭದ್ರೆಯ ಸೇತುವೆಯನ್ನು ದಾಟುತ್ತದೆ. ಆಗ ಕಿಟಕಿಯ ಬಳಿ ಕುಳಿತವರಲ್ಲಿ ಕೆಲವರಾದರೂ ನದಿಗೆ ಕೈಮುಗಿಯುವುದುಂಟು. ಆದರೆ ಹಲವು ದಶಕಗಳ ಕಾಲ, ಹೀಗೆ ಕೈಮುಗಿದವರು ಕುಳಿತಿದ್ದ ಬೋಗಿಯ ಶೌಚಾಲಯದಿಂದ ಮಲಮೂತ್ರಗಳು ನೇರವಾಗಿ ಹಳಿಯ ಮೇಲೂ, ಸೇತುವೆಯಿದ್ದಲ್ಲಿ ನದಿಯ ನೀರಿಗೂ ಬೀಳುತ್ತಿದ್ದವು. ಹರಿಹರದ ಜನರೂ ದಾವಣಗೆರೆಯ ಜನರೂ ಕುಡಿಯುವ ನೀರಿಗೆ ಆಶ್ರಯಿಸಿರುವುದು ಈ ನದಿಯನ್ನು. ಪೂಜೆಗೂ ಆಚರಣೆಗೂ ಇದ್ದ ಈ ಅಂತರವನ್ನು ಕಡಿಮೆ ಮಾಡಿದುದು ವಿಜ್ಞಾನ.

ಈ ಸಮಸ್ಯೆಯನ್ನು ರೈಲಿಗಿಂತ ಮೊದಲು ಎದುರಿಸಿದ್ದು ನೌಕೆ. ಹಾಯಿದೋಣಿಯ ಶೌಚಪಾತ್ರೆಯು ಸಾಮಾನ್ಯವಾಗಿ ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗೋ ಸರಿಸಮವಾಗಿಯೋ ಇರುತ್ತದೆ. ಕೈಪಂಪೊಂದು ಸಮುದ್ರದ ನೀರನ್ನು ಒಳಗೆಳೆದು ಪಾತ್ರೆಯನ್ನು ತೊಳೆದು, ಮಲಿನವನ್ನು ಕೊಳವೆಯೊಳಗೆ ತಳ್ಳುತ್ತದೆ. ಕೊಳವೆಯನ್ನು ನೇರವಾಗಿ ಜೋಡಿಸಿದರೆ ಹೊರಗಿನ ನೀರು ಹಿಮ್ಮುಖವಾಗಿ ಹರಿದು ದೋಣಿಯೇ ಮುಳುಗಬಹುದು. ಆದುದರಿಂದ ಕೊಳವೆಯನ್ನು ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲಕ್ಕೆ ಬಾಗಿಸಿ, ಬಾಗಿನ ತುದಿಯಲ್ಲಿ ಗಾಳಿ ಒಳಬರುವ ಸಣ್ಣ ಕವಾಟವನ್ನು ಇಡುತ್ತಾರೆ. ಗಾಳಿ ಹೊಕ್ಕೊಡನೆ ನೀರಿನ ಸೆಳೆತದ ಸರಪಣಿ ಕಡಿಯುತ್ತದೆ. ಅಲ್ಲಿಂದ ಮಲಿನವು ಸಂಗ್ರಹ ತೊಟ್ಟಿಯನ್ನು ಸೇರುತ್ತದೆ. ತೊಟ್ಟಿಗೂ ಗಾಳಿಕೊಳವೆ ಬೇಕು. ಇಲ್ಲವಾದರೆ ತುಂಬುವಾಗ ಒತ್ತಡ ಹೆಚ್ಚುವುದಲ್ಲದೆ ದುರ್ಗಂಧವೂ ಬಲಿಯುತ್ತದೆ. ಬಂದರು ಸೇರಿದ ಮೇಲೆ ತೊಟ್ಟಿಯನ್ನು ದಡದ ಪಂಪಿನಿಂದ ಬರಿದು ಮಾಡುವುದು ಕ್ರಮ. 2003ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ನಿಯಮವು, ದೊಡ್ಡ ಹಡಗುಗಳು ಸಂಸ್ಕರಿಸದ ಮಲಿನವನ್ನು ತೀರದಿಂದ 12 ನಾವಿಕ ಮೈಲಿಗಳೊಳಗೆ ಬಿಡಲಾಗದು ಎನ್ನುತ್ತದೆ.

ಆದರೆ ರೈಲಿಗೆ ಪ್ರತಿ ನಿಲ್ದಾಣದಲ್ಲಿ ತೊಟ್ಟಿ ಬರಿದು ಮಾಡುವ ಅನುಕೂಲವಿಲ್ಲ. ಆದುದರಿಂದ ಭಾರತೀಯ ರೈಲ್ವೆಯು ರಕ್ಷಣಾ ಸಂಶೋಧನಾ ಸಂಸ್ಥೆಯೊಡನೆ ಸೇರಿ ಜೈವಿಕ ಶೌಚಾಲಯವನ್ನು ರೂಪಿಸಿತು. 2011ರಲ್ಲಿ ಬುಂದೇಲ್‌ಖಂಡ ಎಕ್ಸ್‌ಪ್ರೆಸ್ಸಿನಲ್ಲಿ ಮೊದಲು ಅಳವಡಿಸಲಾದ ಈ ವ್ಯವಸ್ಥೆ 2020ರ ವೇಳೆಗೆ ಬಹುತೇಕ ಎಲ್ಲ ಪ್ರಯಾಣಿಕ ಬೋಗಿಗಳಿಗೂ ಬಂದಿತು. ಬೋಗಿಯ ಅಡಿಯಲ್ಲಿ ತೂಗುವ ಉಕ್ಕಿನ ತೊಟ್ಟಿಯೇ ಇದರ ಹೃದಯ. ಪಾತ್ರೆಯ ಕೆಳಗಿನ ಬಾಗುಕೊಳವೆಯಲ್ಲಿ ನಿಂತ ನೀರು ದುರ್ವಾಸನೆಯನ್ನು ತಡೆಯುತ್ತದೆ. ತೊಟ್ಟಿಯೊಳಗಿನ ಅಡ್ಡಗೋಡೆಗಳ ನಡುವೆ ಮಲಿನವು ನಿಧಾನವಾಗಿ ಸಾಗುವಾಗ, ಪ್ರಾಣವಾಯುವಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಅದನ್ನು ಮೀಥೇನ್, ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಮಾರ್ಪಡಿಸುತ್ತವೆ. ಕಡೆಯಲ್ಲಿ ಕ್ಲೋರಿನ್‌ನಿಂದ ಶುದ್ಧಿಗೊಂಡ ದ್ರವವು ಹೊರಬೀಳುತ್ತದೆ. ದೋಣಿಯ ತೊಟ್ಟಿ ಮಲಿನವನ್ನು ಹಿಡಿದಿಡುತ್ತದೆ. ರೈಲಿನ ತೊಟ್ಟಿ ಅದನ್ನು ಜೀರ್ಣಿಸುತ್ತದೆ. 2023ರಲ್ಲಿ ಬೆಂಗಳೂರು–ಧಾರವಾಡ ನಡುವೆ ಆರಂಭವಾಗಿ ದಾವಣಗೆರೆಯಲ್ಲಿ ನಿಲ್ಲುವ ವಂದೇ ಭಾರತ್ ಗಾಡಿಯಲ್ಲಿ ಇದರೊಡನೆ ನಿರ್ವಾತದ ಸೆಳೆತವೂ ಸೇರಿದ್ದು, ಅತ್ಯಲ್ಪ ನೀರಿನಿಂದ ಪಾತ್ರೆ ಶುಚಿಯಾಗುತ್ತದೆ.

ಯಂತ್ರವೆಷ್ಟೇ ಉತ್ತಮವಾಗಿದ್ದರೂ ಬಳಸುವವನ ವಿವೇಕವೇ ಅದಕ್ಕೆ ಕಾವಲು. ಪ್ಲಾಸ್ಟಿಕ್ ಬಾಟಲಿ, ಗುಟ್ಕಾ ಪೊಟ್ಟಣ, ಬಟ್ಟೆಯ ತುಂಡು ಇವುಗಳನ್ನು ಯಾವ ಜೀವಾಣುವೂ ಅರಗಿಸಿಕೊಳ್ಳದು. ಅವು ಕೊಳವೆಯನ್ನು ಕಟ್ಟಿದಾಗ ಅದನ್ನು ತೆರೆಯಲು ಒಬ್ಬ ಕಾರ್ಮಿಕನ ಕೈ ಆ ಹೊಲಸಿನೊಳಗೆ ಇಳಿಯಬೇಕಾಗುತ್ತದೆ. ಮಾನವನಿಂದ ಮಲ ಹೊರಿಸುವ ಪದ್ಧತಿಯನ್ನು 2013ರ ಕಾನೂನು ನಿಷೇಧಿಸಿದ್ದರೂ, ಒಂದು ಪೊಟ್ಟಣದ ನಿರ್ಲಕ್ಷ್ಯವು ಅದೇ ಅವಮಾನವನ್ನು ಬೇರೊಂದು ರೂಪದಲ್ಲಿ ಮರಳಿ ತರಬಲ್ಲದು.

ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದ ಶರಣರ ನಾಡಿನಲ್ಲಿ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ರಜೆಗೆಂದು ಊರಿಗೆ ಹೊರಡುವ ವಸತಿನಿಲಯದ ವಿದ್ಯಾರ್ಥಿಗೆ, ರೈಲಿನ ಶೌಚಾಲಯವನ್ನು ಅದರ ರೀತಿಯರಿತು ಬಳಸುವುದನ್ನು ಕಲಿಸುವುದೂ ಶಿಕ್ಷಣವೇ. ಹಾಗೆ ಕಲಿತವನು ಹರಿಹರದ ಸೇತುವೆಯ ಮೇಲೆ ಕೈಮುಗಿದಾಗ ಆ ನಮಸ್ಕಾರಕ್ಕೆ ಅರ್ಥ ಬರುತ್ತದೆ.