ಪೈಥಾನ್ ಮೊಬೈಲಿಗೆ ಬಂದ ಬಗೆ

ನಮ್ಮಲ್ಲಿ ಅಕೌಂಟೆನ್ಸಿ ಜೊತೆ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡ ಹಲವರ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದ ಹಾಸನಕ್ಕೆ ಓಡಾಡುವವರು ಲ್ಯಾಬ್ ಮುಗಿದ ಮೇಲೆ ಉಳಿದರೆ ಬಸ್ ತಪ್ಪುತ್ತದೆ. ಕೈಯಲ್ಲಿರುವುದು ಮೊಬೈಲ್ ಒಂದೇ. ಅದರಲ್ಲಿ ಪೈಥಾನ್ ಹೇಗೆ ನಡೆಯುತ್ತದೆ?

ನಾವು ಬರೆಯುವ ಪ್ರೋಗ್ರಾಂ ಅಡುಗೆ ಚೀಟಿ ಇದ್ದಂತೆ. ಅದನ್ನು ಓದಿ ಅಡುಗೆ ಮಾಡುವ ಬಾವರ್ಚಿಯೇ ಇಂಟರ್‌ಪ್ರಿಟರ್. ಅಡುಗೆಮನೆ ಆಪರೇಟಿಂಗ್ ಸಿಸ್ಟಂ. ಮದುವೆಮನೆಯ ಸೌದೆ ಒಲೆಗೆ ಪಳಗಿದ ಬಾವರ್ಚಿಯನ್ನು ಗ್ಯಾಸ್ ಒಲೆ ಮುಂದೆ ನಿಲ್ಲಿಸಿದರೆ ಬಿರಿಯಾನಿ ಚೀಟಿ ಬದಲಾಗುವುದಿಲ್ಲ, ಬಾವರ್ಚಿ ಹೊಸ ಒಲೆ ಕಲಿಯಬೇಕು. ಪೋರ್ಟಿಂಗ್ ಎಂದರೆ ಇಷ್ಟೇ. ಆದರೆ ಕಲಿಸುವುದು ಸುಲಭವಲ್ಲ.

1991ರಲ್ಲಿ ಗಿಡೊ ವಾನ್ ರೋಸಮ್ ಹೊರತಂದ ಪೈಥಾನ್‌ನ ಇಂಟರ್‌ಪ್ರಿಟರ್ ಸಿ ಭಾಷೆಯಲ್ಲಿದೆ. ಮೂಲ ಕೋಡ್ ಎಲ್ಲರಿಗೂ ತೆರೆದಿರುವುದರಿಂದ ಯಾರು ಬೇಕಾದರೂ ತಿದ್ದಬಹುದು. ಆಂಡ್ರಾಯ್ಡ್ ಒಳಗಿರುವುದೂ ಲಿನಕ್ಸ್ ಕರ್ನೆಲ್ಲೇ. ಆದರೆ ಫೈಲ್ ತೆರೆಯಲು, ಸಮಯ ಕೇಳಲು ಇಂಟರ್‌ಪ್ರಿಟರ್ ನಂಬುವ ಸಿ ಲೈಬ್ರರಿ ಬೇರೆ: ಸಾಮಾನ್ಯ ಲಿನಕ್ಸ್‌ನಲ್ಲಿ ಜಿಲಿಬ್‌ಸಿ, ಆಂಡ್ರಾಯ್ಡ್‌ನಲ್ಲಿ ಬಯೋನಿಕ್. ಪ್ರೊಸೆಸರ್ ಕೂಡ ಬೇರೆ. ಅದಕ್ಕೇ ಮೊಬೈಲಿಗೆ ಬೇಕಾದುದನ್ನು ಕಂಪ್ಯೂಟರಿನಲ್ಲಿ ತಯಾರಿಸಿ ಕಳಿಸುತ್ತಾರೆ. ಇದಕ್ಕೆ ಕ್ರಾಸ್ ಕಂಪೈಲ್ ಎನ್ನುತ್ತಾರೆ.

ಇನ್ನೊಂದು ತೊಡಕು ನಮಗೆ ನೇರವಾಗಿ ತಟ್ಟುತ್ತದೆ. ಆಂಡ್ರಾಯ್ಡ್ ಪ್ರತಿ ಆ್ಯಪ್‌ಗೂ ಅದರದೇ ಕೋಣೆ ಕೊಟ್ಟು ಬಾಗಿಲು ಹಾಕುತ್ತದೆ. ಲ್ಯಾಬಿನಲ್ಲಿ ಸರಿಯಾಗಿ ಓಡಿದ ಫೈಲ್ ಹ್ಯಾಂಡ್ಲಿಂಗ್ ಪ್ರೋಗ್ರಾಂ ಮೊಬೈಲಿನಲ್ಲಿ ಫೈಲ್ ಸಿಗಲಿಲ್ಲ ಎಂದರೆ, ತಪ್ಪು ನಿಮ್ಮ ಕೋಡಿನದ್ದೇ ಆಗಬೇಕಿಲ್ಲ. ಫೈಲ್ ಡೌನ್‌ಲೋಡ್ ಫೋಲ್ಡರಿನಲ್ಲಿರಬಹುದು, ಆ್ಯಪ್‌ಗೆ ಅಲ್ಲಿಗೆ ಹೋಗಲು ಅನುಮತಿ ಇರಲಿಕ್ಕಿಲ್ಲ.

ಬಹಳ ವರ್ಷ ಟರ್ಮಕ್ಸ್‌ನಂಥ ಆ್ಯಪ್ ಮಾಡುವವರು ತಾವೇ ತೇಪೆ ಹಾಕಿಕೊಂಡು ಪೈಥಾನನ್ನು ಆಂಡ್ರಾಯ್ಡ್‌ನಲ್ಲಿ ಓಡಿಸುತ್ತಿದ್ದರು. ಹೊಸ ಆವೃತ್ತಿ ಬಂದಾಗ ಆ ತೇಪೆಗಳನ್ನು ಮತ್ತೆ ನೋಡಬೇಕು, ವರ್ಷ ವರ್ಷ ಬರುವ ಅಡ್ಜಸ್ಟ್‌ಮೆಂಟ್ ಎಂಟ್ರಿಗಳ ಹಾಗೆ. ಮಾಲ್ಕಮ್ ಸ್ಮಿತ್ ಬರೆದ ಪೆಪ್ 738 ಎಂಬ ಪ್ರಸ್ತಾವ ಒಪ್ಪಿಗೆಯಾಗಿ, 2024ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.13ರಿಂದ ಆಂಡ್ರಾಯ್ಡ್‌ಗೆ ಅಧಿಕೃತ ಬೆಂಬಲ ಸಿಕ್ಕಿತು. ಅದೂ ಮೂರನೇ ದರ್ಜೆಯದು: ಪೈಥಾನ್ ತಂಡದ ಒಬ್ಬರಾದರೂ ಹೊಣೆ ಹೊತ್ತಿರಬೇಕು, ಆದರೆ ಆಂಡ್ರಾಯ್ಡ್‌ನಲ್ಲಿ ಏನಾದರೂ ಕೆಟ್ಟರೆ ಹೊಸ ಆವೃತ್ತಿಯ ಬಿಡುಗಡೆ ನಿಲ್ಲುವುದಿಲ್ಲ. ನನ್ನ ಲೆಕ್ಕದಲ್ಲಿ ಇಡೀ ಕೆಲಸದಲ್ಲಿ ಕಷ್ಟದ್ದು ಈ ಹೊಣೆಯೇ. ಒಮ್ಮೆ ಓಡಿಸುವವರು ಸಿಗುತ್ತಾರೆ, ವರ್ಷಗಟ್ಟಲೆ ನೋಡಿಕೊಳ್ಳುವವರು ಕಡಿಮೆ.

ಈ ಬೆಂಬಲ 64 ಬಿಟ್ ಆಂಡ್ರಾಯ್ಡ್‌ಗೆ ಮಾತ್ರ. ಅಣ್ಣನೋ ಅಬ್ಬಾನೋ ಬಳಸಿ ಕೊಟ್ಟ ಹಳೆಯ ಫೋನ್ 32 ಬಿಟ್‌ನದ್ದಾಗಿದ್ದರೆ ಟರ್ಮಕ್ಸ್ ಪ್ರಯತ್ನಿಸಿ, ಅವರು ಅದನ್ನಿನ್ನೂ ಕೈಬಿಟ್ಟಿಲ್ಲ. ಆದರೆ ಕಿಟಕಿ, ಬಟನ್ ತೋರಿಸುವ ಟಿಕಿಂಟರ್ ಅಧಿಕೃತ ಆಂಡ್ರಾಯ್ಡ್ ಪೈಥಾನ್‌ನಲ್ಲಿ ಇಲ್ಲ. ಅದಕ್ಕೆ ಲ್ಯಾಬಿಗೆ ಬರುವುದೇ ಸುಲಭ.