ಹಚ್ಚೆಯ ಶಾಯಿ: ವರ್ತಕರು ಅರಿಯಬೇಕಾದ ಹೊಣೆ

ಮದ್ದೂರು ತಾಲ್ಲೂಕಿನ ಆತಗೂರು ಹೋಬಳಿಯೂ ಸೇರಿದಂತೆ ಹಳೆಯ ಮೈಸೂರು ಸೀಮೆಯ ಹಳ್ಳಿಗಳಿಗೆ ಹಚ್ಚೆ ಹೊಸದೇನಲ್ಲ. ಹಿಂದೆ ದೀಪದ ಕಪ್ಪನ್ನು ಸೊಪ್ಪಿನ ರಸದಲ್ಲಿ ಕಲಸಿ ಸೂಜಿಯಿಂದ ಚುಚ್ಚಲಾಗುತ್ತಿತ್ತು. ಇಂದು ಅದೇ ಕಲೆ ‘ಟ್ಯಾಟೂ’ ಎಂಬ ಹೆಸರಿನಲ್ಲಿ ಪಟ್ಟಣಗಳ ಅಂಗಡಿಗಳಲ್ಲಿಯೂ ಜಾತ್ರೆಗಳಲ್ಲಿಯೂ ವ್ಯಾಪಾರವಾಗಿ ಬೆಳೆದಿದ್ದು, ಕಪ್ಪಿನ ಸ್ಥಾನಕ್ಕೆ ಬಾಟಲಿಯ ರಾಸಾಯನಿಕ ಶಾಯಿ ಬಂದಿದೆ.

ಈ ಶಾಯಿಗಳಲ್ಲಿ ಬಳಕೆಯಾಗುವ ಹಲವು ವರ್ಣದ್ರವ್ಯಗಳು ಮೂಲತಃ ವಾಹನದ ಬಣ್ಣ, ಮುದ್ರಣ ಹಾಗೂ ಪ್ಲಾಸ್ಟಿಕ್ ಉದ್ಯಮಗಳಿಗಾಗಿ ತಯಾರಾದವು. ನಿಕ್ಕಲ್, ಕ್ರೋಮಿಯಂಗಳು ಚರ್ಮದ ಅಲರ್ಜಿಗೆ ಕಾರಣವಾಗಬಲ್ಲವು. ಕೆಲವು ಆಜೋ ಬಣ್ಣಗಳು ಬಿಸಿಲಿಗೆ ಅಥವಾ ಲೇಸರ್ ಕಿರಣಕ್ಕೆ ಒಡೆದು ಕ್ಯಾನ್ಸರ್‌ಕಾರಕ ಅಮೈನುಗಳನ್ನು ಬಿಡುಗಡೆ ಮಾಡಬಲ್ಲವು. ಬಣ್ಣವು ಚುಚ್ಚಿದ ಸ್ಥಳದಲ್ಲಿಯೇ ಉಳಿಯುವುದಿಲ್ಲ. ಅದರ ಸೂಕ್ಷ್ಮ ಕಣಗಳು ದುಗ್ಧಗ್ರಂಥಿಗಳನ್ನು ಸೇರುವುದನ್ನು ಯುರೋಪಿನ ವಿಜ್ಞಾನಿಗಳು 2017ರಲ್ಲಿ ತೋರಿಸಿದರು. ಹಚ್ಚೆ ಹಾಕಿಸಿಕೊಂಡವರೆಲ್ಲ ರೋಗಿಗಳಾಗುತ್ತಾರೆಂದು ಇದರ ಅರ್ಥವಲ್ಲ. ಆದರೆ ಸೂಜಿ ಹೊಸದೆಂಬ ಮಾತ್ರಕ್ಕೆ ಶಾಯಿಯೂ ಸುರಕ್ಷಿತವೆನ್ನಲಾಗದು.

ಐರೋಪ್ಯ ಒಕ್ಕೂಟವು 2022ರ ಜನವರಿ 4ರಿಂದ ಹಚ್ಚೆ ಶಾಯಿಯಲ್ಲಿನ 4,000ಕ್ಕೂ ಹೆಚ್ಚು ರಾಸಾಯನಿಕಗಳನ್ನು ನಿರ್ಬಂಧಿಸಿತು. ನಮ್ಮ ರಾಜ್ಯದಲ್ಲಿ 2025ರ ಫೆಬ್ರವರಿಯಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು, ಶಾಯಿಯಲ್ಲಿ ಆರ್ಸೆನಿಕ್, ಕ್ರೋಮಿಯಂ, ಸೆಲೆನಿಯಂ ಮುಂತಾದ 22 ಲೋಹಗಳಿರುವುದು ಪರೀಕ್ಷೆಯಿಂದ ತಿಳಿದುಬಂದಿದೆಯೆಂದು ಪ್ರಕಟಿಸಿದರು. ಈ ಶಾಯಿ ಔಷಧ ಮತ್ತು ಪ್ರಸಾಧನ ಕಾಯಿದೆಯ ವ್ಯಾಪ್ತಿಗೆ ಬಾರದಿದ್ದುದರಿಂದ, ಅದಕ್ಕೆ ಮಾನದಂಡ ಗೊತ್ತುಪಡಿಸುವಂತೆ ಕೇಂದ್ರವನ್ನು ಕೋರುವ ನಿರ್ಧಾರವನ್ನೂ ರಾಜ್ಯ ಸರ್ಕಾರ ಕೈಗೊಂಡಿತು.

ಪ್ರತ್ಯೇಕ ಮಾನದಂಡವಿಲ್ಲವೆಂದರೆ ಹೊಣೆಗಾರಿಕೆಯೂ ಇಲ್ಲವೆಂದು ಭಾವಿಸುವುದು ತಪ್ಪು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೋಷಯುಕ್ತ ಸರಕಿನಿಂದಾದ ಹಾನಿಗೆ ಪರಿಹಾರ ಕೋರುವ ಹಕ್ಕನ್ನು ಗ್ರಾಹಕನಿಗೆ ನೀಡಿದೆ. ಸರಕಿನ ತಯಾರಕ ಯಾರೆಂದು ತಿಳಿಯದಿದ್ದರೆ, ಅಥವಾ ಆತ ಭಾರತದ ಕಾನೂನಿಗೆ ಒಳಪಡದಿದ್ದರೆ, ಹೊಣೆ ಮಾರಾಟಗಾರನ ಮೇಲೆಯೇ ಬರಬಹುದು. ಸೇವೆ ಒದಗಿಸುವವನೂ ಅಗತ್ಯ ಎಚ್ಚರಿಕೆ ನೀಡದಿದ್ದಲ್ಲಿ ಹೊಣೆಗಾರನಾಗಬಹುದು. ಬಿಲ್ಲಿಲ್ಲದೆ ಕೊಂಡ, ಹೆಸರಿಲ್ಲದ ವಿದೇಶಿ ಬಾಟಲಿಯು ಅಗ್ಗವೆನಿಸಿದರೂ ಅದರ ಹಿಂದಿನ ಋಣಭಾರ ಲೆಕ್ಕಪತ್ರದಲ್ಲಿ ಕಾಣಿಸುವುದಿಲ್ಲ.

ಆದುದರಿಂದ ಶಾಯಿ ಕೊಳ್ಳುವಾಗ ಕ್ರಮಬದ್ಧ ಬಿಲ್ಲು, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ, ಘಟಕಗಳ ಪಟ್ಟಿ ಹಾಗೂ ಪ್ರಯೋಗಾಲಯದ ವರದಿಯನ್ನು ಕೇಳಿ ಪಡೆಯುವುದು ಲೇಸು. ಯಾವ ಗ್ರಾಹಕನಿಗೆ ಯಾವ ಬ್ಯಾಚಿನ ಶಾಯಿ ಬಳಸಲಾಯಿತೆಂಬುದನ್ನು ಒಂದು ವಹಿಯಲ್ಲಿ ಬರೆದಿಡಬೇಕು. ಅಲರ್ಜಿಯ ಪೂರ್ವಚರಿತ್ರೆಯನ್ನು ವಿಚಾರಿಸಿ, ಅಪಾಯವನ್ನು ಕನ್ನಡದಲ್ಲಿಯೇ ವಿವರಿಸಿ ಸಹಿ ಪಡೆಯಬೇಕು. ಇವಕ್ಕೆ ತಗಲುವ ವೆಚ್ಚ ಅಲ್ಪ. ಒಮ್ಮೆ ಚರ್ಮದೊಳಗೆ ಹೋದ ಸರಕನ್ನು ಮಾತ್ರ ಯಾವ ವರ್ತಕನೂ ಹಿಂದಕ್ಕೆ ಪಡೆಯಲಾರ.