ಕರಗಿ ಮತ್ತೆ ಕೂಡುವ ಕಿರುಕೇಂದ್ರ

ಪ್ರಾಣಿಗಳ ಶರೀರವೂ ಗಿಡಮರಗಳ ಒಡಲೂ ಜೀವಕೋಶಗಳಿಂದ ಆದುವೆಂಬುದು ಈಗ ಶಾಲೆಯ ಮಕ್ಕಳಿಗೂ ತಿಳಿದ ಮಾತು. ಕೋಶದ ಒಳಗೆ ಒಂದು ಕೇಂದ್ರವುಂಟು. ವಂಶದ ಗುಣಗಳನ್ನು ಹೊತ್ತ ವರ್ಣತಂತುಗಳು ಅಲ್ಲಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಕೇಂದ್ರದ ಒಳಗೂ ದಟ್ಟವಾದೊಂದು ಚುಕ್ಕೆ ಕಾಣುತ್ತದೆ. ಇಟಲಿಯ ಫೆಲಿಚೆ ಫೊಂಟಾನ ಎಂಬ ಪಂಡಿತನು 1781ರಲ್ಲಿಯೇ ಇದನ್ನು ವರ್ಣಿಸಿದ್ದನು. ನ್ಯೂಕ್ಲಿಯೋಲಸ್ ಎಂದು ಇದರ ಹೆಸರು. ಲ್ಯಾಟಿನ್ ಭಾಷೆಯಲ್ಲಿ ‘ಸಣ್ಣ ತಿರುಳು’ ಎಂದು ಅರ್ಥ. ನಾವು ಇದನ್ನು ಕಿರುಕೇಂದ್ರ ಎನ್ನೋಣ.

ಇದರ ಸ್ವಭಾವ ವಿಚಿತ್ರವಾದುದು. ಕೋಶವು ಒಡೆದು ಎರಡಾಗುವ ಸಮಯ ಬಂದಿತೆಂದರೆ ಕಿರುಕೇಂದ್ರವು ಕರಗಿ ಮಾಯವಾಗುತ್ತದೆ. ವಿಭಜನೆ ಮುಗಿಯುತ್ತಿರುವಂತೆ ಎರಡು ಮರಿಕೋಶಗಳಲ್ಲಿಯೂ ಮತ್ತೆ ಮೂಡುತ್ತದೆ. ಹೋದುದು ಎಲ್ಲಿಗೆ? ಮತ್ತೆ ಕಟ್ಟಿದವರು ಯಾರು?

ಉತ್ತರಕ್ಕೆ ಮೊದಲು ಅದರ ಕೆಲಸವನ್ನು ಅರಿಯಬೇಕು. ಶರೀರಕ್ಕೆ ಬೇಕಾದ ಪ್ರೋಟೀನುಗಳನ್ನು ತಯಾರಿಸುವ ಯಂತ್ರಗಳಿಗೆ ರೈಬೋಸೋಮುಗಳೆಂದು ಹೆಸರು. ಮನುಷ್ಯನ ಒಂದೊಂದು ಕೋಶದಲ್ಲಿಯೂ ಇವು ಲಕ್ಷಗಟ್ಟಲೆ ಇರುತ್ತವೆ. ಇವುಗಳ ಭಾಗಗಳು ಸಿದ್ಧವಾಗುವುದು ಕಿರುಕೇಂದ್ರದಲ್ಲಿ. ನಮ್ಮ ಆಲೆಮನೆಯನ್ನು ನೆನೆಯಿರಿ. ಗಾಣದಲ್ಲಿ ಕಬ್ಬಿನ ಹಾಲು ಇಳಿಯುತ್ತದೆ, ಕೊಪ್ಪರಿಗೆಯಲ್ಲಿ ಅದು ಪಾಕವಾಗುತ್ತದೆ, ಅಚ್ಚಿನಲ್ಲಿ ಬೆಲ್ಲವಾಗುತ್ತದೆ. ಹಾಗೆಯೇ ಕಿರುಕೇಂದ್ರದ ಒಳಭಾಗದಲ್ಲಿ ಜೀನುಗಳಿಂದ ಆರ್.ಎನ್.ಎ. ಎಂಬ ನೂಲು ಇಳಿಯುತ್ತದೆ. ಅದರ ಸುತ್ತಣ ಭಾಗದಲ್ಲಿ ಅದನ್ನು ತಿದ್ದಿ ಕತ್ತರಿಸುವುದು ಮೊದಲಾಗುತ್ತದೆ. ಹೊರಭಾಗದಲ್ಲಿ ಪ್ರೋಟೀನುಗಳೊಡನೆ ಸೇರಿ ಅದು ರೈಬೋಸೋಮಿನ ಭಾಗವಾಗುತ್ತದೆ.

ಆಲೆಮನೆಗೆ ಜಾಗ ಬೇಕಷ್ಟೆ. ಕಿರುಕೇಂದ್ರಕ್ಕೂ ಗೊತ್ತಾದ ಜಾಗವುಂಟು. ಅಮೆರಿಕದ ವಿಜ್ಞಾನಿ ಬಾರ್ಬರಾ ಮೆಕ್‌ಕ್ಲಿಂಟಾಕ್ ಅವರು 1934ರಲ್ಲಿ ಮುಸುಕಿನ ಜೋಳದ ಆರನೆಯ ವರ್ಣತಂತುವಿನಲ್ಲಿ ಅಂಥ ಜಾಗವನ್ನು ತೋರಿಸಿಕೊಟ್ಟರು. ಆ ಜಾಗವು ಮುರಿದು ಎರಡಾದಾಗ ಎರಡು ತುಂಡುಗಳೂ ಬೇರೆ ಬೇರೆ ಕಿರುಕೇಂದ್ರಗಳನ್ನು ಕಟ್ಟಿದುವು. ಮನುಷ್ಯನಲ್ಲಿ 13, 14, 15, 21 ಮತ್ತು 22ನೆಯ ಜೋಡಿಗಳಲ್ಲಿ, ಒಟ್ಟು ಹತ್ತು ವರ್ಣತಂತುಗಳಲ್ಲಿ, ಈ ಜಾಗಗಳಿವೆ.

ಇನ್ನು ವಿಭಜನೆಯ ಮಾತು. ಕೋಶವನ್ನು ವಿಭಜನೆಗೆ ನೂಕುವ ಕಿಣ್ವವೇ ಈ ಜೀನುಗಳ ಕೆಲಸಕ್ಕೂ ತಡೆ ಹಾಕುತ್ತದೆ. ಗಾಣ ನಿಂತೊಡನೆ ಆಲೆಮನೆ ಚದುರುತ್ತದೆ. ಆದರೆ ಸಾಮಗ್ರಿ ಹಾಳಾಗುವುದಿಲ್ಲ. ಜೀನುಗಳನ್ನು ಚಾಲೂ ಮಾಡುವ ಕೆಲವು ಪ್ರೋಟೀನುಗಳು ತಮ್ಮ ಜಾಗವನ್ನು ಬಿಡದೆ ಅಲ್ಲಿಯೇ ಅಂಟಿಕೊಂಡಿರುತ್ತವೆ. ತಿದ್ದಿ ಜೋಡಿಸುವ ಪ್ರೋಟೀನುಗಳಲ್ಲಿ ಅನೇಕವು, ಅರ್ಧ ಸಿದ್ಧವಾದ ಆರ್.ಎನ್.ಎ.ಯೊಡನೆ, ವರ್ಣತಂತುಗಳ ಮೈಗೆ ಹೊದಿಕೆಯಂತೆ ಹತ್ತಿಕೊಂಡು ಎರಡು ಮರಿಕೋಶಗಳಿಗೂ ಹಂಚಿಹೋಗುತ್ತವೆ.

ವಿಭಜನೆಯ ಕೊನೆಯಲ್ಲಿ ಕಿಣ್ವದ ತಡೆ ತೆಗೆಯುತ್ತದೆ. ಜೀನುಗಳು ಮತ್ತೆ ಕೆಲಸಕ್ಕೆ ತೊಡಗುತ್ತವೆ. ಹೊದಿಕೆಯಾಗಿದ್ದ ಸಾಮಗ್ರಿಯು ಮೊದಲು ಸಣ್ಣ ಸಣ್ಣ ಹನಿಗಳಾಗಿ ಅಲ್ಲಲ್ಲಿ ಕೂಡಿ, ಬಳಿಕ ಕೆಲಸ ನಡೆಯುವ ಜಾಗಗಳಿಗೆ ಸಂದಾಯವಾಗುತ್ತದೆ. ಹೀಗೆ ಮೂಡಿದ ಚಿಕ್ಕ ಕಿರುಕೇಂದ್ರಗಳು ಎಲೆಯ ಮೇಲಣ ನೀರಿನ ಹನಿಗಳಂತೆ ಒಂದರೊಳಗೊಂದು ಬೆರೆತು ದೊಡ್ಡದಾಗುತ್ತವೆ. ಇವು ನಿಜಕ್ಕೂ ದ್ರವದ ಹನಿಗಳಂತೆ ನಡೆದುಕೊಳ್ಳುತ್ತವೆಂದು 2011ರಲ್ಲಿ ಕಪ್ಪೆಯ ತತ್ತಿಗಳಲ್ಲಿ ಪರೀಕ್ಷಿಸಿ ತಿಳಿದರು.

ಕೆಲಸ ಆರಂಭವಾಗದಿದ್ದರೆ? 1987ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಈ ಜೀನುಗಳಿಂದ ನೂಲು ಇಳಿಸುವ ಕಿಣ್ವವನ್ನು ಕಟ್ಟಿಹಾಕುವ ಪ್ರತಿವಸ್ತುವನ್ನು, ವಿಭಜನೆಯಾಗುತ್ತಿದ್ದ ಕೋಶಗಳಿಗೆ ಚುಚ್ಚಿದರು. ಸಾಮಗ್ರಿಯ ಹನಿಗಳೇನೋ ಮೂಡಿದುವು. ಆದರೆ ಚದುರಿದಂತೆಯೇ ಉಳಿದುವು, ಕಿರುಕೇಂದ್ರವಾಗಲಿಲ್ಲ. ಮನೆಯಿದ್ದರೆ ಕೆಲಸ ನಡೆಯುತ್ತದೆಂಬುದು ಲೋಕರೂಢಿ. ಇಲ್ಲಿ ಕೆಲಸ ತೊಡಗಿದ ಹೊರತು ಮನೆಯೇ ಏಳದು.

ಈ ಚುಕ್ಕೆಯಿಲ್ಲದೆ ಬದುಕಬಹುದೆ ಎಂಬ ಪ್ರಶ್ನೆಗೂ ಕಪ್ಪೆಯೇ ಉತ್ತರ ಹೇಳಿತು. ಕಿರುಕೇಂದ್ರ ಕಟ್ಟಲಾರದ ಆಫ್ರಿಕದ ಕಪ್ಪೆಯೊಂದರ ತಳಿಯನ್ನು ಆಕ್ಸ್‌ಫರ್ಡಿನ ವಿಜ್ಞಾನಿಗಳು 1958ರಲ್ಲಿ ವರ್ಣಿಸಿದರು. ತಾಯಿ ತತ್ತಿಯಲ್ಲಿ ಕೂಡಿಟ್ಟ ರೈಬೋಸೋಮುಗಳ ಬಲದಿಂದ ಮರಿಗಳು ಗೊದಮೊಟ್ಟೆಗಳಾಗುತ್ತವೆ. ಆ ಬುತ್ತಿ ಸಾಲದೆ ಹೋಗಿ ಎಳೆತನದಲ್ಲಿಯೇ ಸಾಯುತ್ತವೆ. ಇವು ರೈಬೋಸೋಮಿನ ಆರ್.ಎನ್.ಎ.ಯನ್ನು ಹೊಸದಾಗಿ ತಯಾರಿಸಲಾರವೆಂದು ಬ್ರೌನ್ ಮತ್ತು ಗರ್ಡನ್ ಎಂಬವರು 1964ರಲ್ಲಿ ತೋರಿಸಿದರು.

ಕೊರತೆ ಮರಣಕ್ಕೆ ಕಾರಣವಾದರೆ, ಅತಿಯೂ ಒಳ್ಳೆಯದಲ್ಲ. ಅನೇಕ ಬಗೆಯ ಏಡಿಗಂತಿಯ ಕೋಶಗಳು ಬಿಡುವಿಲ್ಲದೆ ಬೆಳೆದು ಒಡೆಯುವುದರಿಂದ ಅವುಗಳ ಕಿರುಕೇಂದ್ರಗಳು ದೊಡ್ಡವಾಗಿಯೂ ವಿಕಾರವಾಗಿಯೂ ಕಾಣುತ್ತವೆ. ಗಡ್ಡೆಯ ತುಣುಕನ್ನು ಪರೀಕ್ಷಿಸುವ ವೈದ್ಯರು ಇದನ್ನು ಗಮನಿಸುತ್ತಾರೆ. ಆಸ್ಪತ್ರೆಯ ವರದಿಯಲ್ಲಿ ‘ಕಿ-67’ ಎಂಬ ಗುರುತನ್ನು ಕೆಲವರಾದರೂ ನೋಡಿರಬಹುದು. ಜರ್ಮನಿಯ ಕೀಲ್ ನಗರದಲ್ಲಿ ಕಂಡುಹಿಡಿದು 1983ರಲ್ಲಿ ಪ್ರಕಟಿಸಿದ ಪರೀಕ್ಷೆಯಿದು. ಈ ಹೆಸರಿನ ಪ್ರೋಟೀನು ಕೋಶವು ಬೆಳೆಯುವಾಗ ಬಹುಮಟ್ಟಿಗೆ ಕಿರುಕೇಂದ್ರದಲ್ಲಿದ್ದು, ವಿಭಜನೆಯ ವೇಳೆ ವರ್ಣತಂತುಗಳಿಗೆ ಹೊದಿಕೆಯಾಗುತ್ತದೆ. ವಿಶ್ರಾಂತಿಯಲ್ಲಿರುವ ಕೋಶಗಳಲ್ಲಿ ಕಾಣುವುದಿಲ್ಲ. ಆದುದರಿಂದ ನೂರಕ್ಕೆ ಎಷ್ಟು ಕೋಶಗಳಲ್ಲಿ ಇದು ಇದೆಯೆಂದು ಎಣಿಸಿ, ಗಡ್ಡೆ ಬೆಳೆಯುತ್ತಿರುವ ವೇಗವನ್ನು ವೈದ್ಯರು ಅಂದಾಜು ಮಾಡುತ್ತಾರೆ. ಅದಕ್ಕೆ ತಕ್ಕ ಚಿಕಿತ್ಸೆಯನ್ನು ಆರಿಸುವಾಗ ಆ ಎಣಿಕೆಯೂ ಅವರಿಗೆ ನೆರವಾಗುತ್ತದೆ.